ಬೆನ್ನ ಹಿಂದಿನ ಕುದುರೆ

ರಜ ಹಾಕಿದ್ದೇನೆ ಎಂದು ಮಗಳಿಗೆ ಹೇಳಿದ ಮಾತು ಇನ್ನೂ ಪೂರ್ತಿ ಸುಳ್ಳಾಗಿಲ್ಲ ಎಂದು ಮುಖ ತೊಳೆಯುತ್ತ ಅವನಿಗೆ ಅನ್ನಿಸಿತು. ಈಗಲಾದರೂ ಹೋಗಿ ಸೂಪರ್‌ವೈಸರನ ಮುಂದೆ ನಿಂತು, ಸಾರ್, ಇವತ್ತೊಂದು ದಿನ ಬಿಟ್ಟುಬಿಡಿ ಎಂದುಬಿಟ್ಟರೆ ಅದು ನಿಜವಾಗಿಬಿಡುತ್ತದೆ. ಕನ್ನಡಿಯಲ್ಲಿ ಸೋಪಿನ ನೊರೆ ಹತ್ತಿದ ಮುಖವೊಂದು ಯಾರದೋ ಎಂಬಂತೆ ಅವನನ್ನೇ ನೋಡುತ್ತಿತ್ತು. ಹೊರಗೆ ಮಗಳ ಬೂಟಿನ ಸದ್ದು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಓಡಾಡುತ್ತಿತ್ತು. "ಒಂದು ಲೋಟ ಹಾಲಾದ್ರೂ ಕುಡ್ಕೊಂಡು ಹೋಗೇ, ತಲೆ ಸುತ್ತಿ ಬಿದ್ದುಗಿದ್ದೀಯಾ" ಎಂದು ಹೆಂಡತಿ ಅನ್ನುವುದೂ, "ತೂಕ ಅಮ್ಮಾ, ತೂಕ! ಓಟಕ್ಕೆ ಮುಂಚೆ ತಕ್ಕಡಿ ಮೇಲೆ ನಿಲ್ಲಿಸ್ತಾರೆ, ನಿನ್ನ ಹಾಲನ್ನೂ ಸೇರಿಸಿ ತೂಗ್ತಾರೆ" ಎಂದು ಮಗಳು ನಗುವುದೂ ಕೇಳಿಸಿತು. ವರ್ಷಗಟ್ಟಲೆ ಬೆಳಗಿನ ಹೊತ್ತು ಬೇರೆಯವರ ಕುದುರೆಗಳನ್ನು ಓಡಿಸಿ ಪಳಗಿಸುವ ಕೆಲಸ ಮಾಡಿದವಳಿಗೆ ಇವತ್ತು ಮೊದಲ ಸಲ ನಿಜವಾದ ರೇಸಿನಲ್ಲಿ ಸವಾರಿ ಸಿಕ್ಕಿತ್ತು. ಬಚ್ಚಲ ಬಾಗಿಲಿಗೆ ಬೆರಳಿಂದ ತಟ್ಟಿ, "ಅಪ್ಪಾ, ಬರ್ತೀನಿ" ಎಂದಳು. ಬಾಯಿ ತೆರೆದರೆ ನೊರೆ ಒಳಹೋಗುತ್ತಿತ್ತು. "ಹುಷಾರು, ಗುಬ್ಬಿ" ಎಂದದ್ದು ಅವಳಿಗೆ ಕೇಳಿಸಿತೋ ಇಲ್ಲವೋ, ಅಷ್ಟರಲ್ಲಿ ಬೂಟಿನ ಸದ್ದು ಮೆಟ್ಟಿಲಿಳಿದಿತ್ತು.

ನಿನ್ನೆ ಸಂಜೆ ಅದೇ ಮೆಟ್ಟಿಲ ಮೇಲೆ ಕೂತು ಅವಳು ಬೂಟಿಗೆ ಪಾಲಿಷ್ ತಿಕ್ಕುತ್ತಿದ್ದಳು. ಅವನು ಪಕ್ಕದಲ್ಲಿ ಕೂತು, ಹೇಳಿಕೊಡುವುದಕ್ಕೆ ಏನಾದರೂ ಉಳಿದಿದೆಯೇ ಎಂದು ಯೋಚಿಸುತ್ತಿದ್ದ. ಏನೂ ಉಳಿದಿರಲಿಲ್ಲ. "ಅಪ್ಪಾ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬಾರ್ದು" ಎಂದಳು, ಬೂಟಿನ ಮೂತಿಯಿಂದ ಕಣ್ಣೆತ್ತದೆ. ಕೇಳು ಎನ್ನುವ ಮೊದಲೇ ಅವನಿಗೆ ಗೊತ್ತಾಗಿಹೋಗಿತ್ತು. "ನಾಳೆ ನೀನು ಕೆಲಸಕ್ಕೆ ಬರದೇ ಇದ್ರೆ ಆಗತ್ತಾ? ನಂಗೇನೂ ಇಲ್ಲಪ್ಪಾ, ನಾನು ಅದನ್ನೆಲ್ಲ ನಂಬಲ್ಲ. ಲಾಯದಲ್ಲಿ ಎಲ್ರೂ ಒಂಥರಾ ಮಾತಾಡ್ತಾರೆ. ಟ್ರೇನರ್ ಸಾಹೇಬ್ರೂ..." ಬ್ರಷ್ಷು ಒಂದೇ ಜಾಗದಲ್ಲಿ ಓಡಾಡುತ್ತಿತ್ತು. ಅವಳಿಗೆ ಮುಂದಿನ ಮಾತು ಹುಡುಕುವ ಕಷ್ಟ ಕೊಡಬಾರದೆಂದು ಅವನು ತಟ್ಟನೆ, "ಅಯ್ಯೋ ಹುಚ್ಚಿ, ಆಗ್ಲೇ ರಜ ಹಾಕಿದೀನಿ ಕಣೇ" ಎಂದುಬಿಟ್ಟ. ಅವಳ ಮುಖ ಹಗುರಾಯಿತು. ಆ ಹಗುರ ಅವನಿಗೆ ಚುಚ್ಚಿದಷ್ಟು ಅವಳ ಕೋರಿಕೆ ಚುಚ್ಚಿರಲಿಲ್ಲ. "ನೀನು ತುಂಬ ಒಳ್ಳೆಯವನು" ಎಂದು ಪಾಲಿಷ್ ಹತ್ತಿದ ಕೈಯಿಂದ ಅವನ ಮೊಣಕಾಲು ತಟ್ಟಿ ಒಳಗೆ ಹೋಗಿದ್ದಳು. ಪ್ಯಾಂಟಿನ ಮೇಲೆ ಕಪ್ಪು ಕಲೆ ಉಳಿದಿತ್ತು. ಅವನು ಇವತ್ತೂ ಅದೇ ಪ್ಯಾಂಟು ಹಾಕಿಕೊಂಡು, ಹೆಂಡತಿಗೆ "ಸ್ವಲ್ಪ ಅಡ್ಡಾಡ್ಕೊಂಡು ಬರ್ತೀನಿ" ಎಂದು ಹೇಳಿ ಹೊರಟ. "ಮಗಳ ಮೊದಲನೇ ಓಟ, ಮನೇಲಿ ಕೂತ್ರೆ ಜೀವ ನಿಲ್ಲಲ್ಲ, ಹೋಗಿಬನ್ನಿ" ಎಂದು ಅವಳು ಮನಸಾರೆ ಕಳಿಸಿಕೊಟ್ಟಳು.

ಅವನ ಕೆಲಸವನ್ನು ಆಫೀಸಿನವರು ಮೈದಾನದ ಸಹಾಯಕ ಎನ್ನುತ್ತಾರೆ. ಉಳಿದವರಿಗೆಲ್ಲ ಅದು ಪರದೆ. ಕೆಲಸಕ್ಕೂ ಅದೇ ಹೆಸರು, ಅವನಿಗೂ ಅದೇ ಹೆಸರು. ರೇಸು ನಡೆಯುವಾಗ ಕುದುರೆಗಳ ಹಿಂದೆ ಒಳಗಿನ ಮಣ್ಣುದಾರಿಯಲ್ಲಿ ಒಂದು ಹಸಿರು ಗಾಡಿ ಓಡುತ್ತದೆ. ಯಾವುದಾದರೂ ಕುದುರೆ ಬಿದ್ದು, ಮತ್ತೆ ಕೂಡಿಸಲಾಗದ ಹಾಗೆ ಕಾಲು ಮುರಿದುಕೊಂಡರೆ ಗಾಡಿಯಿಂದ ಇಳಿದು ಅದರ ಸುತ್ತ ಕೋಲಿಗೆ ಕಟ್ಟಿದ ಹಸಿರು ಬಟ್ಟೆ ಹಿಡಿಯಬೇಕು. ಬಟ್ಟೆಯೊಳಗೆ ಡಾಕ್ಟರು ಅದನ್ನು ಮುಗಿಸುತ್ತಾರೆ. ಟಿಕೀಟು ಕೊಂಡು ಬಂದವರಿಗೆ ಅದು ಕಾಣಬಾರದು, ಅಷ್ಟೆ. ಪರದೆ ಹಿಡಿದವನು ಬಟ್ಟೆಗೆ ಮುಖ ಮಾಡಿ, ಕುದುರೆಗೆ ಬೆನ್ನು ಮಾಡಿ ನಿಲ್ಲುತ್ತಾನೆ. ಮೂಗಿಗೆ ಬಟ್ಟೆ ತಾಗುತ್ತಿರುತ್ತದೆ. ಅವನಿಗೆ ಜನವೂ ಕಾಣುವುದಿಲ್ಲ, ಕುದುರೆಯೂ ಕಾಣುವುದಿಲ್ಲ. ಹೀಗೆ ತಿಂಗಳಲ್ಲಿ ಒಂದೋ ಎರಡೋ ಸಲ, ಕೆಲವು ತಿಂಗಳು ಅದೂ ಇಲ್ಲ. ಉಳಿದ ಹೊತ್ತೆಲ್ಲ ಅವನು ಬೇಲಿಗೆ ಬಣ್ಣ ಬಳಿಯುತ್ತಾನೆ, ಓಟದ ಹಾದಿಯಲ್ಲಿ ಕಿತ್ತ ಹುಲ್ಲನ್ನು ತುಳಿದು ಕೂರಿಸುತ್ತಾನೆ. ಆದರೂ ಹಿಂದಿನ ಗೇಟಿನಿಂದ ಒಳಗೆ ಬಂದರೆ, ಎದುರಿಗೆ ಕುದುರೆ ನಡೆಸಿಕೊಂಡು ಬರುವ ಲಾಯದವರು ಲಗಾಮು ತಿರುಗಿಸಿ ಸುತ್ತಿನ ದಾರಿ ಹಿಡಿಯುತ್ತಾರೆ. ಅಪಶಕುನ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಏನೋ ಮರೆತು ಬಂದವರಂತೆ ಮುಖ ಮಾಡಿಕೊಂಡು ತಿರುಗುತ್ತಾರೆ. ಸುತ್ತ ನೂರಾರು ಕುದುರೆಗಳಿರುವ ಜಾಗದಲ್ಲಿ ದುಡಿದೂ ಅವನು ಜೀವ ಇರುವ ಕುದುರೆಯ ಮೈ ಮುಟ್ಟಿ ಎಷ್ಟು ಕಾಲವಾಯಿತೋ. ಅವನ ಕೈಗೆ ಸಿಗುವವು ಮೈ ಬಿಸಿ ಆರುತ್ತಿರುವವು, ಹಗ್ಗ ಹಾಕಿ ಗಾಡಿಗೆ ಎಳೆಯಬೇಕಾದವು.

ಹಿಂದೆ ಅವನೂ ಲಾಯದಲ್ಲಿದ್ದವನೇ. ಬೂದು ಬಣ್ಣದ ಹೆಣ್ಣು ಕುದುರೆಯೊಂದು ಅವನ ಪಾಲಿಗಿತ್ತು. ಮೈ ತಿಕ್ಕುವಾಗ ಅವನ ಬೆನ್ನಿಗೆ ಹಣೆ ಒತ್ತಿ ನಿಂತೇ ನಿದ್ದೆ ಮಾಡುತ್ತಿತ್ತು. ಅದು ಬಿದ್ದ ದಿನ ಅವನು ಪರದೆಯೊಳಗೆ ಅದರ ಕುತ್ತಿಗೆ ತಬ್ಬಿ ಕೂತಿದ್ದ. ಎದುರಿಗೆ ಬಟ್ಟೆ ಹಿಡಿದವನ ಬೆನ್ನು ಕಾಣುತ್ತಿತ್ತು, ಅಂಗಿಯ ಮೇಲೆ ಬೆವರಿನ ಒಂದು ದೊಡ್ಡ ಗುರುತು. ಡಾಕ್ಟರು ಸೂಜಿ ತೆಗೆಯುವ ಹೊತ್ತಿಗೆ ಆ ಬೆನ್ನಿನವನು ಒಂದು ಕಾಲಿನ ಬೂಟಿನಿಂದ ಇನ್ನೊಂದು ಕಾಲಿನ ಮೀನಖಂಡ ಕೆರೆದುಕೊಂಡ. ನಿಧಾನವಾಗಿ, ಹಾಯಾಗಿ. ಇವನೆಂಥ ಮನುಷ್ಯ ಎಂದು ಆಗ ಅವನಿಗೆ ಅನ್ನಿಸಿತ್ತು. ಆಮೇಲೆ ಯಾವ ಕುದುರೆಗೂ ಮನಸ್ಸು ಕೊಡಲಾಗದೆ, ಯಾವ ಲಾಯದಲ್ಲೂ ನೆಲೆ ನಿಲ್ಲದೆ ಅಲೆದು, ಆ ಬೆನ್ನಿನವನು ಕೆಲಸ ಬಿಟ್ಟಾಗ ಆ ಜಾಗಕ್ಕೆ ತಾನೇ ಬಂದು ನಿಂತ. ಈಗ ಅವನಿಗೆ ಗೊತ್ತು. ಎರಡೂ ಕೈಯಲ್ಲಿ ಕೋಲು ಹಿಡಿದು ನಿಂತಾಗ ಎಲ್ಲೋ ಒಂದು ಕಡೆ ತುರಿಸಿಯೇ ತುರಿಸುತ್ತದೆ, ಮೈಗೆ ಅದರದೇ ಒಂದು ಹಟ.

ಸೂಪರ್‌ವೈಸರನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಆತ ಫೋನಿನಲ್ಲಿ ಯಾರಿಗೋ ನೀರಿನ ಪೈಪಿನ ವಿಷಯ ರೇಗುತ್ತಿದ್ದ. ಇವನನ್ನು ನೋಡಿ ಏನು ಎನ್ನುವಂತೆ ಹುಬ್ಬೇರಿಸಿದ. ಇವನು ಏನಿಲ್ಲ ಎನ್ನುವಂತೆ ಕೈಯಾಡಿಸಿದ. ಅಷ್ಟೇ. ಹೊರಗೆ ಬಂದು ಹಸಿರು ಅಂಗಿ ಹಾಕಿಕೊಳ್ಳುವಾಗ, ಆತ ಕೋಪದಲ್ಲಿದ್ದ, ಕೇಳಿದ್ದರೂ ಕೊಡುತ್ತಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಗುಂಡಿ ಹಾಕುತ್ತ ಹಾಕುತ್ತ ಆ ಸಮಾಧಾನ ಕೈಬಿಟ್ಟಿತು. ಆಸೆ ಬೇರೆಯೇ ಇತ್ತು. ರೇಸನ್ನು ಅತಿ ಹತ್ತಿರದಿಂದ ನೋಡುವುದು ದುಡ್ಡು ಕೊಟ್ಟು ಕೂತವರಲ್ಲ, ದುರ್ಬೀನು ಹಿಡಿದವರೂ ಅಲ್ಲ. ಹಿಂದೆ ಓಡುವ ಆ ಗಾಡಿಯಲ್ಲಿ ಕೂತವರು. ಶುರುವಿನಿಂದ ಕೊನೆಯವರೆಗೆ ಮಗಳ ಬೆನ್ನ ಹಿಂದೆಯೇ, ಕೂಗಿದರೆ ಕೇಳಿಸುವಷ್ಟು ಹತ್ತಿರ ಓಡಬಹುದು. ಅವಳು ಕುದುರೆ ಮೇಲೆ ಹೇಗೆ ಕಾಣುತ್ತಾಳೆಂದು ಅವನು ಇದುವರೆಗೆ ನೋಡಿರಲಿಲ್ಲ. ಬೆಳಗಿನ ಸವಾರಿಯ ಹೊತ್ತಿಗೆ ಅವನು ಓಟದ ಹಾದಿಯ ಬಳಿ ಸುಳಿಯುವ ಹಾಗಿರಲಿಲ್ಲ. ಅವಳಿಗೆ ಗೊತ್ತಾಗದ ಹಾಗೆ ನೋಡಿಬಿಟ್ಟರೆ ಯಾರಿಗೆ ಏನು ನಷ್ಟ?

ಮೊದಲಿನ ಎರಡು ಓಟ ಸುಮ್ಮನೆ ಕಳೆದವು. ಅವಳ ಓಟದ ಕುದುರೆಗಳು ಒಂದೊಂದಾಗಿ ಆರಂಭದ ಕಡೆ ಹೊರಟಾಗ ಅವನು ಗಾಡಿಯ ಮುಂದಿನ ಸೀಟಿನಲ್ಲಿ ಬಗ್ಗಿ ಕೂತ, ತಲೆ ಮೊಣಕಾಲಿಗೆ ತಾಗುವಷ್ಟು. ಡ್ರೈವರ್ ಅವನನ್ನೇ ನೋಡಿದ. "ಏನು ಮಾರಾಯಾ, ಯಾರಿಂದ ಬಚ್ಚಿಟ್ಕೋತಿದೀಯ? ಮಾವ ಬಂದಿದಾರಾ?" ಹಿಂದೆ ಕೂತ ಜೊತೆಯವನು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ಮುದುಕ, ಕಿಸಕ್ಕನೆ ನಕ್ಕ. "ಬೂಟಿನ ದಾರ" ಎಂದ ಇವನು. ಅವನ ಬೂಟಿಗೆ ದಾರವೇ ಇರಲಿಲ್ಲ. ಹಾಗೆ ಬಗ್ಗಿಕೊಂಡೇ ಗೊರಸಿನ ಸದ್ದು ಪಕ್ಕದಲ್ಲಿ ಹಾದುಹೋಗುವುದನ್ನು ಕೇಳಿದ. ಅದರಲ್ಲಿ ಯಾವುದು ಅವಳದೆಂದು ಹುಡುಕಿದ. ಅವಳ ಕುದುರೆಯ ವಿಷಯ ಮನೆಯಲ್ಲಿ ದಿನವೂ ಕೇಳಿದ್ದ: ಕಂದು ಬಣ್ಣ, ಹಣೆಯಲ್ಲಿ ಉಗುರಿನಷ್ಟು ಬಿಳಿ, ಬೆಳಿಗ್ಗೆ ಜೀನು ಬಿಗಿಯುವಾಗ ಆಕಳಿಸುತ್ತದೆ, ಅದಕ್ಕೇ ಲಾಯದಲ್ಲಿ ಎಲ್ಲರೂ ಸೋಮಾರಿ ಅನ್ನುತ್ತಾರೆ. ಸದ್ದು ದೂರವಾದ ಮೇಲೆ ಮೆಲ್ಲನೆ ತಲೆಯೆತ್ತಿದ. ಹಳದಿ ಅಂಗಿಯ ಪುಟ್ಟ ಬೆನ್ನೊಂದು ಕಂದು ಕುದುರೆಯ ಮೇಲೆ ಏರಿ ಇಳಿಯುತ್ತಿತ್ತು. ಅದು ತನ್ನ ಮಗಳೆಂದು ಗುರುತು ಹಿಡಿಯಲು ಅವನಿಗೆ ಒಂದು ಕ್ಷಣ ಬೇಕಾಯಿತು. ನಾಚಿಕೆಯಾಯಿತು. ಕೂಡಲೇ ಹೆಮ್ಮೆಯೂ ಆಯಿತು.

ಓಟ ಶುರುವಾದಾಗ ಗಾಡಿ ಜಗ್ಗಿ ಮುಂದೆ ಹಾರಿತು. ಅವನು ಎದುರಿನ ಕಂಬಿ ಹಿಡಿದುಕೊಂಡ. ಗೊರಸುಗಳು ಎಬ್ಬಿಸಿದ ಮಣ್ಣಿನ ಚೂರುಗಳು ಗಾಜಿಗೆ ಬಡಿಯುತ್ತಿದ್ದವು. ಹಳದಿ ಬೆನ್ನು ಗುಂಪಿನ ನಡುವೆ ಸಿಕ್ಕಿತ್ತು. ಆಮೇಲೆ ಅವಳು ಯಾರಿಗೂ ಗೊತ್ತಾಗದ ಹಾಗೆ ಒಂದು ಸಂದು ಹುಡುಕಿ ಹೊರಗೆ ಬಂದಳು. ಹೀಗೆ ಸಂದು ಹುಡುಕುವುದನ್ನು ಇವಳಿಗೆ ಯಾರು ಕಲಿಸಿದರು? ತಾನಂತೂ ಅಲ್ಲ. ಮಗುವಾಗಿದ್ದಾಗ ಮದುವೆಮನೆಯ ಜನಸಂದಣಿಯಲ್ಲಿ ಅವನ ಬೆರಳು ಬಿಡಿಸಿಕೊಂಡು ಕಾಲುಗಳ ನಡುವೆ ನುಸುಳಿ ಹೋಗುತ್ತಿದ್ದಳು, ಹುಡುಕಿ ಹುಡುಕಿ ಸಾಕಾಗುತ್ತಿತ್ತು. "ಆ ಹಳದಿ ಅಂಗಿ ಯಾರದಯ್ಯಾ, ಚೆನ್ನಾಗಿ ತರ್ತಿದಾನೆ" ಎಂದ ಡ್ರೈವರ್. "ನನ್ ಮಗಳು" ಎಂದ. ಬಾಯಿಂದ ಬಂದೇಬಿಟ್ಟಿತು. ಡ್ರೈವರ್ ತಿರುಗಿ ನೋಡಿದ. ಮುದುಕ ಹಿಂದಿನಿಂದ ಭುಜ ಹಿಂಡಿದ. ಮೂವರೂ ಕೂಗತೊಡಗಿದರು, ಹೋಗು, ಹೋಗು, ಹೋಗು ಎಂದು. ಗಾಡಿಯ ಗಾಜು ಏರಿಸಿತ್ತು, ಹೊರಗೆ ಯಾರಿಗೂ ಕೇಳಿಸುವಂತಿರಲಿಲ್ಲ. ಅವನ ಬದುಕಿನಲ್ಲಿ ಹೀಗೆ ಬಾಯ್ತುಂಬ ಕೂಗಿದ್ದು ಯಾವಾಗಲೋ ನೆನಪಿಲ್ಲ. ಅವಳು ಮೂರನೆಯವಳಾದಳು, ಎರಡನೆಯ ಕುದುರೆಯ ಹತ್ತಿರ ಬಂದಳು. ತಿರುವು ದಾಟಿದ ಮೇಲೆ ಕಂದು ಕುದುರೆಯ ತಲೆ ಒಂದು ಸಲ ಮೇಲೆದ್ದು, ಮತ್ತೆ ಬೇಡದ ಹೊತ್ತಲ್ಲಿ ಇನ್ನೊಂದು ಸಲ ಎದ್ದಿತು. ಹಿಂದೆ ಲಾಯದಲ್ಲಿದ್ದ ಅವನಿಗೆ ಅದರ ಅರ್ಥ ಗೊತ್ತಾಯಿತು. ಬೇಡ ಎಂದ. ಯಾರಿಗೆ ಎಂದನೋ. ಕುದುರೆಯ ಮುಂಗಾಲು ನೆಲದಲ್ಲಿ ಇಲ್ಲದ ಗುಂಡಿಗೆ ಇಳಿದಂತಾಗಿ, ಕಂದು ಮೈಯೂ ಹಳದಿ ಬೆನ್ನೂ ಒಟ್ಟಿಗೆ ಕೆಳಗೆ ಹೋದವು.

ಡ್ರೈವರ್ ಬ್ರೇಕು ತುಳಿದ. ಅವಳಿಗೆ ನನ್ನ ಮುಖ ಕಾಣುತ್ತದಲ್ಲ. ಅವನಿಗೆ ಮೊದಲು ಬಂದ ಯೋಚನೆ ಇದು. ಅವಳು ಬದುಕಿದ್ದಾಳೆಯೇ ಎನ್ನುವುದು ಅದರ ಹಿಂದೆ ಬಂತು, ತಡವಾಗಿ. ಆ ತಡವನ್ನು ಅವನು ಮುಂದೆ ಯಾರಿಗೂ ಹೇಳಲಿಲ್ಲ. ಆದರೆ ಅದು ಅವನನ್ನು ಬಿಡಲಿಲ್ಲ. ಅಷ್ಟರಲ್ಲಿ ಹಳದಿ ಅಂಗಿ ಎದ್ದು ನಿಂತು, ಕುಂಟುತ್ತ ಕುದುರೆಯ ತಲೆಯ ಕಡೆ ಓಡುತ್ತಿತ್ತು. ದೇವರೇ ಎಂದುಕೊಂಡ. ಕೈಕಾಲು ಅಭ್ಯಾಸದಂತೆ ಇಳಿದವು, ಅಭ್ಯಾಸದಂತೆ ಹಿಂದಿನ ಬಾಗಿಲು ತೆಗೆದವು, ಅಭ್ಯಾಸದಂತೆ ಕೋಲು ಎತ್ತಿ ಮುದುಕನ ಜೊತೆ ಬಟ್ಟೆ ಬಿಚ್ಚಿದವು. ಅವನು ಮುಖ ತಗ್ಗಿಸಿಕೊಂಡು, ಟೋಪಿ ಕಣ್ಣಿನ ಮೇಲೆ ಎಳೆದುಕೊಂಡು, ಕಳ್ಳನಂತೆ ಹಿಂದಿನಿಂದ ಸುತ್ತಿ ಬಂದು ಬಟ್ಟೆಗೆ ಮೂಗು ತಾಗಿಸಿ ನಿಂತ. ಡಾಕ್ಟರ ಜೀಪು ಬಂತು. ಬಾಗಿಲು ಹಾಕಿದ ಸದ್ದಾಯಿತು.

"ಪೆಟ್ಟಾಯ್ತೇನಮ್ಮಾ? ನೀನು ಆಚೆ ಹೋಗು" ಎಂದರು ಡಾಕ್ಟರು. ಎಂದಿನಂತೆ ಮೆತ್ತಗಿನ ದನಿ.

"ನಂಗೇನಾಗಿಲ್ಲ. ಇವನು ಎದ್ದುನಿಂತ್ಕೋತಾನೆ ಡಾಕ್ಟ್ರೇ. ಸೋಮಾರಿ ಇವನು. ಅದಕ್ಕೇ ಬಿದ್ಕೊಂಡಿದಾನೆ, ಅಷ್ಟೆ. ಏಳೋ. ಏಳೋ ಕಳ್ಳಾ."

ಕುದುರೆ ಏಳಲು ಹೆಣಗಿ ಮತ್ತೆ ಕುಸಿದದ್ದು ನೆಲದ ಅದುರಿನಲ್ಲಿ ಅವನ ಅಂಗಾಲಿಗೆ ತಿಳಿಯಿತು. ಬಟ್ಟೆಯ ಆಚೆ ಜನ ಗುಜುಗುಜು ಎನ್ನುತ್ತಿದ್ದರು. ಗೆದ್ದ ಕುದುರೆಯ ಹೆಸರನ್ನು ಧ್ವನಿವರ್ಧಕ ಹೇಳುತ್ತಿತ್ತು. ಡಾಕ್ಟರು ಬಗ್ಗಿ ನೋಡಿ, "ಆಯ್ತು, ಆಯ್ತು" ಎಂದರು. ಕೊನೆಗೆ ಹೇಳುವ ಮಾತು ಅದೇ ಎಂದು ಅವನಿಗೆ ಗೊತ್ತಿತ್ತು. ಅವಳು ತನ್ನ ಬೆನ್ನನ್ನು ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು. ಹಸಿರು ಅಂಗಿ, ನಡುವೆ ಬೆವರಿನ ಗುರುತು, ಕೆಳಗೆ ನಿನ್ನೆ ಸಂಜೆಯದೇ ಪ್ಯಾಂಟು. ಹೆಗಲ ಮೇಲೆ ಕೂತು ಆಡಿದವಳಿಗೆ ಆ ಬೆನ್ನು ಯಾರದೆಂದು ಬೇರೆ ಹೇಳಬೇಕೆ?

"ಅಪ್ಪಾ."

ಅವನು ಕೋಲು ಬಿಗಿ ಹಿಡಿದ.

"ಅಪ್ಪಾ, ಹೇಳು ಅವ್ರಿಗೆ. ನೀನು ಕುದುರೆ ನೋಡ್ಕೊಂಡೋನಲ್ವಾ. ಸ್ವಲ್ಪ ಹೊತ್ತು ನೋಡಣ ಅಂತ ಹೇಳು. ಒಂದ್ ಸಲ ತಿರುಗಿ ನೋಡಿ ಹೇಳಪ್ಪಾ."

ತಿರುಗಿದರೆ ಅವನ ಕಡೆಯ ಬಟ್ಟೆ ಜಗ್ಗಿ ಕೆಳಗೆ ಬರುತ್ತದೆ, ಇಡೀ ಜನಕ್ಕೆ ಕಾಣುತ್ತದೆ. ಅದು ನಿಜ. ಹಿಂದೆ ಒಮ್ಮೆ ಹಾಗಾಗಿ ಒಬ್ಬನನ್ನು ಕೆಲಸದಿಂದ ತೆಗೆದಿದ್ದರು, ಅದೂ ನಿಜ. ಕಾಲು ನೋಡದೆಯೂ ಅದರ ಗತಿ ಅವನಿಗೆ ತಿಳಿದಿತ್ತು, ಹೇಳುವುದಕ್ಕೆ ಏನೂ ಇರಲಿಲ್ಲ, ಅದೂ ನಿಜವೇ. ಇಷ್ಟೊಂದು ನಿಜಗಳನ್ನು ಒಟ್ಟುಮಾಡಿಕೊಂಡು ಅವನು ಅಲುಗದೆ ನಿಂತ. ಮುದುಕ ಆಚೆ ತುದಿಯಿಂದ ಓರೆಗಣ್ಣಿನಲ್ಲಿ ನೋಡಿ, ನಾನು ಹಿಡಿದುಕೊಳ್ಳುತ್ತೇನೆ, ಹೋಗು ಎಂಬಂತೆ ಗದ್ದ ಆಡಿಸಿದ. ಇವನು ಅದನ್ನು ಕಂಡೂ ಕಾಣದವನಂತೆ ಬಟ್ಟೆಯ ನೇಯ್ಗೆಯನ್ನೇ ನೋಡಿದ. ಗಾಳಿಗೆ ಬಟ್ಟೆ ಉಬ್ಬಿ ಬಂದು ಅವನ ಮುಖಕ್ಕೆ ಅಂಟಿತು. ಅವನ ಎಡಗಾಲಿನ ಮೀನಖಂಡ ತುರಿಸತೊಡಗಿತು. ಹಲ್ಲು ಕಚ್ಚಿಕೊಂಡ. ಸಾಯುವಷ್ಟು ತುರಿಸಿತು.

"ನೀನು ರಜ ಹಾಕಿದೀನಿ ಅಂದೆ" ಎಂದಳು ಅವಳು. ಕೂಗಲಿಲ್ಲ, ಅಳಲೂ ಇಲ್ಲ. ಏನೋ ಒಂದು ಲೆಕ್ಕ ಕೊನೆಗೂ ತಾಳೆಯಾದಂತೆ ಹೇಳಿದಳು.

ಡಾಕ್ಟರ ಚೀಲದ ಜಿಪ್ಪು ತೆರೆದ ಸದ್ದು ಬಂತು. ಕುದುರೆ ಒಂದು ದೀರ್ಘ ಉಸಿರು ಬಿಟ್ಟಿತು, ಆಕಳಿಸಿದಂತೆ. ನೆಲ ಮತ್ತೆ ಅದುರಲಿಲ್ಲ.

"ಸ್ವಲ್ಪ ದಾರಿ ಬಿಡಿ" ಎಂದು ಬೆನ್ನ ಹಿಂದೆ ಕೇಳಿಸಿತು. ಅವನು ಬಟ್ಟೆಯ ಅಂಚು ಎತ್ತಿದ. ಜೀನನ್ನು ತೋಳಿನ ಮೇಲೆ ಹಾಕಿಕೊಂಡು, ಹಳದಿ ಅಂಗಿಯ ತುಂಬ ಹುಲ್ಲು ಮಣ್ಣು ಮೆತ್ತಿಕೊಂಡು ಅವಳು ಅವನ ಕಂಕುಳ ಕೆಳಗೇ ಬಗ್ಗಿ ಹೊರಗೆ ನಡೆದಳು. ಕುಂಟುತ್ತಿದ್ದಳು. ಜನರ ಗ್ಯಾಲರಿಯಿಂದ ಯಾರೋ ಚಪ್ಪಾಳೆ ತಟ್ಟಿದರು. ಸವಾರಳಿಗೆ ಏನೂ ಆಗಿಲ್ಲ ಎನ್ನುವ ಸಂತೋಷಕ್ಕೆ ಇರಬೇಕು. ಡ್ರೈವರ್ ಬಂದು ಹಗ್ಗ ಕೊಟ್ಟ. ಹಗ್ಗ ಸುತ್ತಲು ಬಗ್ಗಿದಾಗ ಅವನ ಅಂಗೈ ಕುದುರೆಯ ಕುತ್ತಿಗೆಯ ಮೇಲೆ ಬಿತ್ತು. ಇನ್ನೂ ಬಿಸಿಯಿತ್ತು, ಒದ್ದೆಯಿತ್ತು. ಜೂಲಿನಲ್ಲಿ ಸಣ್ಣ ಸಣ್ಣ ಜಡೆ ಹೆಣೆದಿತ್ತು, ಮನೆಯಲ್ಲಿ ಅವಳು ತನ್ನ ಕೂದಲಿಗೆ ಹಾಕಿಕೊಳ್ಳುವಂಥದ್ದೇ, ಅಷ್ಟೇ ಬಿಗಿಯಾಗಿ. ಅವನು ಕೈ ತೆಗೆಯಲಿಲ್ಲ. "ಏಯ್, ಎಳೀಬೇಕು ಕಣಯ್ಯಾ" ಎಂದ ಮುದುಕ, ಮೆಲ್ಲಗೆ. ಮುಂದಿನ ಓಟಕ್ಕೆ ಹಾದಿ ತೆರವು ಮಾಡಬೇಕಿತ್ತು. ಎಳೆದರು.

ಸಂಜೆ ಅಂಗಿ ಬದಲಿಸುತ್ತಿದ್ದಾಗ ಸೂಪರ್‌ವೈಸರ್ ಬಂದು ಬಾಗಿಲಲ್ಲಿ ನಿಂತ. ಆತನ ಮುಖದಲ್ಲಿ ನಿಜವಾದ ಮರುಕವಿತ್ತು. "ಅದು ನಿನ್ನ ಮಗಳಂತಲ್ಲಯ್ಯಾ. ಡ್ರೈವರ್ ಹೇಳಿದ. ಬೆಳಿಗ್ಗೆ ಬಂದೋನು ಬಾಯಿ ಬಿಟ್ಟು ಕೇಳೋದಲ್ವಾ? ಕೊಡ್ತಿರ್ಲಿಲ್ವಾ ನಾನು ರಜ? ಅಷ್ಟು ಕೆಟ್ಟೋನಾ?" ಎಂದ. "ಇಲ್ಲ ಸಾರ್" ಎಂದ ಇವನು. ಯಾವುದಕ್ಕೆ ಇಲ್ಲ ಎಂದನೋ ಅವನಿಗೇ ತಿಳಿಯಲಿಲ್ಲ. ಗೇಟಿನ ಹತ್ತಿರ ಲಾಯದವನೊಬ್ಬ ಖಾಲಿ ಲಗಾಮು ಹೆಗಲಿಗೆ ಹಾಕಿಕೊಂಡು ಎದುರು ಬಂದ. ಕುದುರೆ ಜೊತೆಯಲ್ಲಿರಲಿಲ್ಲ, ಆದರೂ ಅವನು ತಿರುಗಿ ಸುತ್ತಿನ ದಾರಿ ಹಿಡಿದ.

ಮನೆಗೆ ನಡೆಯುತ್ತ ಅವನು ಏನೇನೋ ಮಾತು ಜೋಡಿಸಿದ. ನಿನ್ನನ್ನು ನೋಡೋ ಆಸೆಯಾಯ್ತು ಅನ್ನಬೇಕು. ಸಂದಿನಿಂದ ಹೊರಗೆ ಬಂದೆಯಲ್ಲ, ಅದನ್ನ ನೋಡಿದೆ ಅನ್ನಬೇಕು. ಅವಳು ಬಯ್ಯುತ್ತಾಳೆ, ಬಯ್ಯಲಿ. ಎರಡು ದಿನ ಮಾತು ಬಿಡುತ್ತಾಳೆ, ಬಿಡಲಿ. ಚಿಕ್ಕವಳಿದ್ದಾಗ ಬಾಗಿಲು ಹಾಕಿಕೊಂಡು ಕೂತರೆ ಸಂದಿನಿಂದ ಬೆರಳು ತೂರಿಸಿ ಆಡಿಸುತ್ತಿದ್ದ, ಅವಳು ಕೊನೆಗೆ ಒಳಗಿನಿಂದ ಬೆರಳು ಹಿಡಿದುಕೊಳ್ಳುತ್ತಿದ್ದಳು. ಅದನ್ನು ನೆನೆದು ಹೆಜ್ಜೆ ಸ್ವಲ್ಪ ಚುರುಕಾಯಿತು.

ಬಾಗಿಲು ತೆರೆದೇ ಇತ್ತು. ಮಗಳು ಸ್ನಾನ ಮಾಡಿ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಊಟದ ಮೇಜಿನ ಮೇಲೆ ತಟ್ಟೆ ಇಡುತ್ತಿದ್ದಳು. ಹೆಂಡತಿ ಅವನನ್ನು ಕಂಡು ಕಣ್ಣೊರೆಸಿಕೊಂಡಳು. "ಕೇಳಿದ್ರಾ? ಕುದುರೆ ಹೋಗ್ಬಿಡ್ತಂತೆ. ಇವಳು ಉಳಿದದ್ದೇ ಹೆಚ್ಚು. ಸದ್ಯ ನೀವು ಅಲ್ಲಿರ್ಲಿಲ್ಲ. ಇದ್ದಿದ್ರೆ ಎಲ್ರೂ ನಿಮ್ಮ ತಲೆಗೇ ಕಟ್ಟಿರೋರು." ಅವನು ಮಗಳ ಮುಖ ನೋಡಿದ. ಅವಳು ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು.

"ಇಡೀ ದಿನ ಎಲ್ಲಿ ಹೋಗಿದ್ರಿ ಮತ್ತೆ?" ಎಂದಳು ಹೆಂಡತಿ.

ಅವನು ಬಾಯಿ ತೆರೆದ. ದಾರಿಯುದ್ದಕ್ಕೂ ಜೋಡಿಸಿದ್ದ ಮಾತು ನಾಲಗೆಯ ತುದಿಯಲ್ಲಿತ್ತು.

"ಕೆರೆ ಕಡೆ ಹೋಗಿರ್ತಾರೆ, ಇನ್ನೆಲ್ಲಿಗೆ ಹೋಗ್ತಾರಮ್ಮ" ಎಂದಳು ಮಗಳು. ಅವನ ಕಡೆ ತಿರುಗಿ ನಕ್ಕಳು. ಅಚ್ಚುಕಟ್ಟಾದ, ಮನೆಗೆ ಬಂದವರಿಗೆ ನಗುವಂಥ ನಗು. "ಅಲ್ವಾ ಅಪ್ಪಾ? ಅಲ್ಲಿ ನೆರಳಿರತ್ತೆ. ಕೈ ತೊಳ್ಕೊಂಡು ಬನ್ನಿ ನೀವು, ಊಟ ಆರಿಹೋಗತ್ತೆ."

"ಹೂಂ, ಕೆರೆ ಕಡೆ" ಎಂದ ಅವನು.

ಹೆಂಡತಿ ಅಳುವಿನ ನಡುವೆಯೇ ಕಣ್ಣರಳಿಸಿದಳು. "ನೋಡಿದ್ರಾ ಇವಳನ್ನ! ಬನ್ನಿ ನೀವು ಅಂತಿದಾಳೆ. ಹುಟ್ಟಿದಾಗಿಂದ ಬಾ, ಹೋಗು, ನೀನು ಅಂತ ಅಪ್ಪನ ತಲೆ ಮೇಲೆ ಕೂತಿದ್ದೋಳು, ಒಂದು ಸಲ ಬಿದ್ದದ್ದಕ್ಕೆ ದೊಡ್ಡೋಳಾಗ್ಬಿಟ್ಲು."

ಅವನು ಕೈ ತೊಳೆದು ಬಂದು ಕೂತ. ಮಗಳು ಬಡಿಸಿದಳು. ಸಾಕೇ ಎಂದು ಕೇಳಿದಳು, ಉಪ್ಪು ಸರಿಯಿದೆಯೇ ಎಂದೂ ಕೇಳಿದಳು. ಅವಳು ಅಷ್ಟು ವಿಚಾರಿಸಿಕೊಂಡು ಎಂದೂ ಬಡಿಸಿರಲಿಲ್ಲ. ಇವನು ತಟ್ಟೆಯಿಂದ ತಲೆಯೆತ್ತಿ, "ನಾಳೆ ಬೆಳಿಗ್ಗೆ ಸವಾರಿಗೆ ಹೋಗ್ತೀಯಾ, ಗುಬ್ಬಿ?" ಎಂದ.

"ಹೋಗ್ತೀನಿ. ಬೇರೆ ಕುದುರೆ ಕೊಡ್ತಾರಂತೆ" ಎಂದಳು. ಸಾರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಕಡೆ ಚಾಚಿದಳು. "ಹಾಕ್ಕೊಳ್ಳಿ. ನೀವು ಏನೂ ತಿಂದೇ ಇಲ್ಲ."

ಅವನು ಹಾಕಿಕೊಂಡ. ಹೆಂಡತಿ ಹೆಮ್ಮೆಯಿಂದ ಒಮ್ಮೆ ಮಗಳ ಮುಖವನ್ನೂ ಒಮ್ಮೆ ಅವನ ಮುಖವನ್ನೂ ನೋಡುತ್ತಿದ್ದಳು. ಹೆಂಡತಿಗೆ ನೋವಾಗಬಾರದೆಂದು ಅವನು ತುತ್ತು ಕಲಸಿ ಬಾಯಿಗಿಟ್ಟು, ಚೆನ್ನಾಗಿದೆ ಎನ್ನುವಂತೆ ತಲೆಯಾಡಿಸಿದ.